ಬಂಗುಡೆ, ಬೂತಾಯಿ ಮತ್ತು ಮೊದಲ ಲೂಪು

ಬಿಸಿಎ ಮೊದಲ ವರ್ಷದ ಪ್ರಾಜೆಕ್ಟ್ ಎಂದರೆ ಲೈಬ್ರರಿ ಲೆಕ್ಕ, ಇಲ್ಲವೇ ಅಂಕಪಟ್ಟಿ. ನಾನೂ ವರ್ಷಗಟ್ಟಲೆ ಅದನ್ನೇ ಕೊಟ್ಟೆ. ಅಲ್ಲಿ ಡೇಟಾವನ್ನು ವಿದ್ಯಾರ್ಥಿಯೇ ಟೈಪ್ ಮಾಡಿಕೊಳ್ಳುತ್ತಾನೆ: ಐದು ಹೆಸರು, ಐದು ಅಂಕ. ಉತ್ತರ ತಪ್ಪಿದರೂ ಯಾರಿಗೂ ಬೇಸರವಾಗುವುದಿಲ್ಲ. ಈಗ ಮಂಗಳೂರಿನ ನನ್ನ ತರಗತಿಯಲ್ಲಿ, ಪೈಥಾನ್ ಭಾಷೆಯ ಸ್ಟ್ರಿಂಗ್ (ಅಕ್ಷರಗಳ ಸರಣಿ) ಮತ್ತು ಲೂಪು (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆಜ್ಞೆ) ಮುಗಿದ ಕೂಡಲೇ ಮೀನಿನ ಡಿಎನ್‌ಎ ಕೊಡುತ್ತೇನೆ.

ಬಂಗುಡೆ, ಬೂತಾಯಿಯನ್ನು ಇಲ್ಲಿ ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ. ತಲೆ, ಬಾಲ, ಚರ್ಮ ತೆಗೆದ ಹೋಳನ್ನು ಗುರುತಿಸುವುದು ಹೇಗೆ? ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳ ತುಂಡನ್ನು ಓದಿದರೆ ಪ್ರಾಣಿಯ ಜಾತಿ ತಿಳಿಯಬಹುದು ಎಂದು ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಆ ತುಂಡುಗಳು ಜೆನ್‌ಬ್ಯಾಂಕ್ ಎಂಬ ಆನ್‌ಲೈನ್ ಡಿಎನ್‌ಎ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ಬಂಗುಡೆಗೆ ರಾಸ್ಟ್ರೆಲಿಜರ್ ಕನಗುರ್ಟಾ, ಬೂತಾಯಿಗೆ ಸಾರ್ಡಿನೆಲ್ಲಾ ಲಾಂಜಿಸೆಪ್ಸ್ ಎಂದು ಹುಡುಕಬೇಕು. ಕಂಪ್ಯೂಟರಿಗೆ ಅದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಸ್ಟ್ರಿಂಗ್. ಪಿಯುಸಿಯಲ್ಲಿ ಕಾಮರ್ಸ್ ಓದಿ ಬಂದವರಿಗೂ ಇಷ್ಟು ಸಾಕು.

ಮೊದಲ ಪೆಟ್ಟು ಫೈಲು ಓದುವಾಗಲೇ. 655 ಅಕ್ಷರದ ತುಂಡನ್ನು ಪ್ರೋಗ್ರಾಂ 665 ಎಂದು ಎಣಿಸುತ್ತದೆ. ಸಾಲಿಗೆ 70 ಅಕ್ಷರದಂತೆ ಹತ್ತು ಸಾಲು, ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ನ್ಯೂಲೈನ್, ಅಂದರೆ ಸಾಲು ಮುಗಿಯಿತೆಂಬ ಗುರುತು. ಮುಂದೆ ಎಲ್ಲೋ ಎನ್ ಎಂಬ ಅಕ್ಷರ ಬಂದು, ನಾಲ್ಕು ಅಕ್ಷರಗಳ ಎಣಿಕೆಯನ್ನಷ್ಟೇ ಇಟ್ಟುಕೊಂಡ ಡಿಕ್ಷನರಿ (ಪೈಥಾನಿನ ಪಟ್ಟಿ) ಎರರ್ ಕೊಡುತ್ತದೆ. ಅದು ಡಿಎನ್‌ಎ ಓದುವ ಯಂತ್ರಕ್ಕೆ ಸ್ಪಷ್ಟವಾಗಿ ಓದಲಾಗದ ಜಾಗ.

ನಿಜವಾದ ಪಾಠ ಹೋಲಿಕೆಯಲ್ಲಿದೆ. ಎರಡು ಸ್ಟ್ರಿಂಗ್‌ಗಳನ್ನು ಸ್ಥಾನ ಸ್ಥಾನಕ್ಕೆ ಇಟ್ಟು, ಎಷ್ಟು ಕಡೆ ಅಕ್ಷರ ಬೇರೆ ಎಂದು ಎಣಿಸಬೇಕು. ಒಂದೇ ಜಾತಿಯ ಮೀನುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಅಕ್ಷರವಷ್ಟೇ ಬೇರೆ ಇರುತ್ತದೆ. ಒಮ್ಮೆ ಮೀನುಗಾರರ ಊರಾದ ಬೆಂಗ್ರೆಯ ಹುಡುಗಿಯೊಬ್ಬಳ ಪ್ರೋಗ್ರಾಂ ಎರಡು ಬಂಗುಡೆಗಳ ನಡುವೆ ನೂರಕ್ಕೆ ಎಪ್ಪತ್ತರಷ್ಟು ವ್ಯತ್ಯಾಸ ತೋರಿಸಿತು. ಎರರ್ ಏನೂ ಇಲ್ಲ, ಉತ್ತರ ನೀಟಾಗಿ ಬಂದಿದೆ. ಆದರೆ ಅವಳು ಒಪ್ಪಲಿಲ್ಲ. "ಸರ್, ಎರಡೂ ಬಂಗುಡೆಯೇ ಅಲ್ವಾ? ಇದು ಹೇಗೆ ಸರಿ ಆಗ್ತದೆ?"

ಈ ಮಾತು ಕೇಳಲೆಂದೇ ನಾನು ಈ ಪ್ರಾಜೆಕ್ಟ್ ಕೊಡುವುದು. ಅಂಕಪಟ್ಟಿಯ ಪ್ರೋಗ್ರಾಮಿನಲ್ಲಿ ತಪ್ಪನ್ನು ನಾನು ತೋರಿಸಬೇಕಿತ್ತು. ಇಲ್ಲಿ ಅವಳಿಗೆ ಮೀನು ಗೊತ್ತು, ಹಾಗಾಗಿ ತಪ್ಪೂ ಗೊತ್ತಾಯಿತು. ಎರಡನ್ನೂ ಒಂದರ ಕೆಳಗೊಂದು ಪ್ರಿಂಟ್ ಮಾಡಲು ಹೇಳಿದೆ. ಒಂದು ತುಂಡು ನಾಲ್ಕು ಅಕ್ಷರ ತಡವಾಗಿ ಶುರುವಾಗಿತ್ತು. ಇರುವುದು ನಾಲ್ಕೇ ಬಗೆಯ ಅಕ್ಷರವಾದ್ದರಿಂದ, ಜೋಡಿ ತಪ್ಪಿದರೆ ಆಕಸ್ಮಿಕವಾಗಿ ಸುಮಾರು ಕಾಲು ಪಾಲು ಮಾತ್ರ ಹೊಂದುತ್ತದೆ. ಎಪ್ಪತ್ತು ಬಂದದ್ದು ಅದಕ್ಕೇ. ಒಂದನ್ನು ಸೊನ್ನೆಯಿಂದ ಇಪ್ಪತ್ತರವರೆಗೆ ಸರಿಸುತ್ತಾ, ಅತಿ ಕಡಿಮೆ ವ್ಯತ್ಯಾಸವನ್ನು ಹಿಡಿದಿಡುವ ಹೊರಲೂಪನ್ನು ಅವಳೇ ಬರೆದಳು. ಲೂಪಿನೊಳಗೆ ಲೂಪು ಏಕೆ ಬೇಕೆಂದು ಆ ದಿನ ನಾನು ವಿವರಿಸಬೇಕಾಗಲಿಲ್ಲ.

ನಡುವೆ ಅಕ್ಷರ ಬಿಟ್ಟುಹೋದರೆ ಸರಿಸುವುದು ಸಾಲದು. ಅದಕ್ಕೆ ನೀಡಲ್‌ಮನ್ ಮತ್ತು ವುನ್ಶ್ 1970ರಲ್ಲಿ ಕೊಟ್ಟ ವಿಧಾನವಿದೆ, ಆದರೆ ಅದು ಡೈನಾಮಿಕ್ ಪ್ರೋಗ್ರಾಮಿಂಗ್, ಅಂದರೆ ಸಣ್ಣ ಭಾಗಗಳ ಉತ್ತರವನ್ನು ಕೂಡಿಟ್ಟುಕೊಂಡು ದೊಡ್ಡ ಉತ್ತರ ಕಟ್ಟುವ ತಂತ್ರ. ಮೊದಲ ವರ್ಷಕ್ಕೆ ಬೇಡ. ಇಂಥ ಫೈಲುಗಳನ್ನು ತಾನೇ ಓದಿಕೊಡುವ ಬಯೋಪೈಥಾನ್ ಎಂಬ ಸಿದ್ಧ ಕೋಡಿನ ಲೈಬ್ರರಿಯನ್ನೂ ಆಗಲೇ ಕೊಡಬೇಡಿ, ಫೈಲು ಓದುವ ಕಷ್ಟ ಅವರಿಗೆ ಸಿಗಲಿ.

ಜೀವಶಾಸ್ತ್ರ ಬಾರದೆಂದು ಹಿಂಜರಿಯುವ ಸಹೋದ್ಯೋಗಿಗಳಿಗೆ ಒಂದು ಮಾತು: ನಿಮ್ಮ ಕಾಲೇಜಿನ ಪ್ರಾಣಿಶಾಸ್ತ್ರದವರನ್ನು ಒಂದು ಗಂಟೆ ಕರೆಯಿರಿ. ಸಿಕ್ಕ ತುಂಡುಗಳು ತೀರಾ ಸರಿಯಾಗಿ ಹೊಂದಿಕೊಂಡಿದ್ದರೆ, ಕೊಡುವ ಮುಂಚೆ ಒಂದರ ತಲೆಯಿಂದ ನಾಲ್ಕು ಅಕ್ಷರ ನೀವೇ ಕತ್ತರಿಸಿಡಿ.