ಹೊರಗೆ ಅಷ್ಟು ಚಳಿಯಿದ್ದರೂ ಎಲ್ಕ್ ಮಾಂಸ ರಾತ್ರಿ ಕಳೆಯುವುದರೊಳಗೆ ಕೆಡುವುದೇಕೆ?

ಪ್ರಶ್ನೆ: ಅಕ್ಟೋಬರ್‌ನಲ್ಲಿ ಅಮೆರಿಕದ ಕೊಲೊರಾಡೊದ ಬೆಟ್ಟಗಳಿಗೆ ಎಲ್ಕ್ ಬೇಟೆಗೆ ಹೋಗುತ್ತಿದ್ದೇವೆ. ಕತ್ತಲಾಗುವ ಹೊತ್ತಿಗೆ ಪ್ರಾಣಿ ಬಿದ್ದರೆ, ಹೊಟ್ಟೆ ಬಗೆದು ಬೆಳಗಿನವರೆಗೆ ಅಲ್ಲೇ ಬಿಟ್ಟು ಬರಬಹುದೇ? ರಾತ್ರಿ ಹೇಗೂ ಸೊನ್ನೆ ಡಿಗ್ರಿಗೆ ಇಳಿಯುತ್ತದಲ್ಲ?

ಉತ್ತರ: ಬಿಡಬೇಡಿ. ಎಲ್ಕ್ ನಮ್ಮ ಕಡವೆಯ ಬಳಗದ್ದೇ, ಆದರೆ ಬೆಳೆದ ಗಂಡು 300 ಕಿಲೋ ದಾಟುತ್ತದೆ. ಬೀಳುವಾಗ ಅದರ ಮೈಬಿಸಿ 38–39 ಡಿಗ್ರಿ. ಚಳಿಗಾಲಕ್ಕೆಂದು ಬೆಳೆದ ದಪ್ಪ ಕೂದಲು ಆ ಬಿಸಿಯನ್ನು ಕಂಬಳಿ ಹೊದಿಸಿದ ಹಾಗೆ ಒಳಗೇ ಹಿಡಿದಿಡುತ್ತದೆ. ಹೊಟ್ಟೆ ಖಾಲಿ ಮಾಡಿದರೆ ಪಕ್ಕೆಲುಬಿನ ಭಾಗ ಆರೀತು, ಹಿಂತೊಡೆ ಆರುವುದಿಲ್ಲ. ಸೊಂಟದ ಗುಂಡುಕೀಲಿನ ಸುತ್ತ ಅಷ್ಟು ದಪ್ಪ ಮಾಂಸವಿದೆ. ಅಲ್ಲಿ ಗಾಳಿಯಾಡದೆ ಬ್ಯಾಕ್ಟೀರಿಯಾ ಬೆಳೆದು, ಮೂಳೆಯ ಪಕ್ಕದ ಮಾಂಸ ಬೂದು ಹಸಿರಿಗೆ ತಿರುಗುತ್ತದೆ, ಹುಳಿ ನಾತ ಬರುತ್ತದೆ. ಬೇಟೆಗಾರರು ಇದನ್ನು ‘ಬೋನ್ ಸೌರ್’ (ಮೂಳೆಯ ಬಳಿ ಹುಳಿತದ್ದು) ಅನ್ನುತ್ತಾರೆ. ಹೊರಮೈ ಮುಟ್ಟಿದರೆ ತಣ್ಣಗೇ ಇರುವುದರಿಂದ ಮನೆಯಲ್ಲಿ ಕತ್ತರಿಸುವವರೆಗೂ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಅದೇ ರಾತ್ರಿ ಚರ್ಮ ಬಿಡಿಸಿ, ನಾಲ್ಕೂ ಕಾಲು ಬೇರೆ ಮಾಡಬೇಕು. ಇಬ್ಬರಿದ್ದರೆ ಎರಡು ಮೂರು ಗಂಟೆಯ ಕೆಲಸ. ಮೊದಲು ಬೇಟೆ ಪರವಾನಗಿಯ ಜೊತೆ ಬರುವ ಟ್ಯಾಗ್ (ಗುರುತುಚೀಟಿ) ತುಂಬುವ ಕೆಲಸ ಮುಗಿಸಿ. ಹೊಟ್ಟೆ ಬಗೆಯುವ ಅಗತ್ಯವೇ ಇಲ್ಲ. ಪ್ರಾಣಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಇಳಿಜಾರಿದ್ದರೆ ಕೊಂಬನ್ನೋ ಕಾಲನ್ನೋ ಮರಕ್ಕೆ ಕಟ್ಟಿ. ಅರ್ಧ ಕೆಲಸದಲ್ಲಿ ಜಾರಿದರೆ ಕೈಯಲ್ಲಿರುವ ಚಾಕು ನಿಮಗೇ ತಗುಲೀತು. ಬಾಲದಿಂದ ಕತ್ತಿನವರೆಗೆ ಬೆನ್ನೆಲುಬಿನ ಗುಂಟ ಚರ್ಮ ಸೀಳಿ, ಹೊಟ್ಟೆಯ ಕಡೆಗೆ ಬಿಡಿಸುತ್ತಾ ಹೋಗಿ. ಚಾಕುವಿನ ಅಲಗನ್ನು ಒಳಗಿನಿಂದ ಹೊರಕ್ಕೆ ಓಡಿಸಿ. ಹೊರಗಿನಿಂದ ಕುಯ್ದರೆ ಕೂದಲು ತುಂಡಾಗಿ ಮಾಂಸಕ್ಕೆ ಮೆತ್ತಿಕೊಳ್ಳುತ್ತದೆ, ಅಲಗೂ ಬೇಗ ಮೊಂಡಾಗುತ್ತದೆ.

ಮುಂಗಾಲು ಸುಲಭ: ಹೆಗಲಿಗೂ ಎದೆಗೂ ಮೂಳೆಯ ಕೀಲಿಲ್ಲ, ಕಾಲೆತ್ತಿ ಹಿಡಿದು ಸ್ನಾಯು ಕುಯ್ದರೆ ಬಂದುಬಿಡುತ್ತದೆ. ಆಮೇಲೆ ಬೆನ್ನೆಲುಬಿನ ಪಕ್ಕದ ಉದ್ದ ಮಾಂಸ, ಕತ್ತಿನ ಮಾಂಸ ತೆಗೆಯಿರಿ. ಹಿಂತೊಡೆಗೆ ಸೊಂಟದ ಮೂಳೆಗೆ ಅಂಟಿಕೊಂಡೇ ಚಾಕು ಆಡಿಸಿ. ಬಿಳಿ ಗುಂಡು ಕಂಡೊಡನೆ ಅದರೊಳಗಿನ ನರದಂಥ ಕಟ್ಟನ್ನು ಕುಯ್ದರೆ ತೊಡೆ ಕಳಚುತ್ತದೆ. ಗಂಡೋ ಹೆಣ್ಣೋ ತಿಳಿಯುವ ಗುರುತು ಅದಕ್ಕೆ ಅಂಟಿಕೊಂಡೇ ಇರಲಿ, ಕಾನೂನು ಕೇಳುತ್ತದೆ. ಕೊನೆಗೆ ಕೊನೆಯ ಪಕ್ಕೆಲುಬಿನ ಹಿಂದೆ ಸಣ್ಣ ಸೀಳು ಕೊಟ್ಟು, ಹೊಟ್ಟೆಯ ಚೀಲವನ್ನು ಅಂಗೈಯಿಂದ ಕೆಳಗೊತ್ತಿ, ಒಳಬೆನ್ನಿನ ಮೆದು ಮಾಂಸವನ್ನು ಬೆರಳಲ್ಲೇ ಬಿಡಿಸಿ. ಹೊಟ್ಟೆ ಆಗಲೇ ಉಬ್ಬಿರುತ್ತದೆ. ಚಾಕುವಿನ ತುದಿ ತಾಗಿ ಒಡೆದರೆ ಆ ಮಾಂಸ ಹೋದಂತೆಯೇ. ನಂತರ ಮಗ್ಗುಲು ಬದಲಿಸಿ ಇನ್ನೊಂದು ಕಡೆ ಮಾಡಿ.

ಎಲ್ಲವನ್ನೂ ಗಾಳಿಯಾಡುವ ಬಟ್ಟೆ ಚೀಲಗಳಿಗೆ ಹಾಕಿ, ದೊಡ್ಡ ಗಂಡಿಗೆ ಐದಾರು ಬೇಕು. ಪ್ಲಾಸ್ಟಿಕ್ ಚೀಲ ಬೇಡ, ಬಿಸಿಯೂ ತೇವವೂ ಒಳಗೇ ಉಳಿದು ಬೆಳಗಾಗುವುದರೊಳಗೆ ಮಾಂಸ ಲೋಳೆಗಟ್ಟುತ್ತದೆ. ಕರಡಿ ಬರುವುದು ಕರುಳಿನ ವಾಸನೆಗೆ, ಆದ್ದರಿಂದ ಚೀಲಗಳನ್ನು ಅಲ್ಲಿಂದ ನೂರು ಮೀಟರ್‌ಗಿಂತ ದೂರ ಒಯ್ದು, ಎತ್ತರದ ಕೊಂಬೆಗೆ ಒಂದಕ್ಕೊಂದು ತಾಗದಂತೆ ಕಟ್ಟಿ. ಬೆಟ್ಟದ ಉತ್ತರ ಮಗ್ಗುಲಲ್ಲಿ, ಹಳ್ಳದ ಹತ್ತಿರದ ಮರಗಳು ಒಳ್ಳೆಯದು: ರಾತ್ರಿ ತಣ್ಣನೆಯ ಗಾಳಿ ಅಲ್ಲಿಗೆ ಇಳಿದು ಬರುತ್ತದೆ, ಬೆಳಿಗ್ಗೆ ಬಿಸಿಲು ತಡ.

ಮೂಳೆ ತೆಗೆಯಬೇಕೇ? ರಾತ್ರಿ ಗಟ್ಟಿ ಚಳಿ ಇದ್ದರೆ ಬೇಡ. ಸತ್ತ ಮೇಲೆ ಸ್ನಾಯುಗಳಿಗೆ ಬಿಗಿತ ಬಂದು ಇಳಿಯುವ ಮೊದಲೇ ಮೂಳೆಯಿಂದ ಬಿಡಿಸಿದ ಮಾಂಸ ಚಳಿಗೆ ಕುಗ್ಗಿ ನಾರಾಗುತ್ತದೆ. ಹಿಂತೊಡೆಯ ಒಳಗಡೆ ಮೂಳೆಯವರೆಗೆ ಒಂದು ಉದ್ದ ಸೀಳು ಕೊಟ್ಟರೆ ಬಿಸಿ ಹೊರಹೋಗುತ್ತದೆ, ಸಾಕು. ಸೆಪ್ಟೆಂಬರ್‌ನ ಬಿಲ್ಲುಬೇಟೆಯ ಕಾಲದಲ್ಲಿ ಹಗಲು 20 ಡಿಗ್ರಿ ಮುಟ್ಟುವಾಗ ಮಾತ್ರ ಯೋಚಿಸದೆ ಮೂಳೆ ತೆಗೆಯಿರಿ. ನಾರಾದ ಮಾಂಸವನ್ನು ಬೇಯಿಸಿ ತಿನ್ನಬಹುದು, ಹಳಸಿದ್ದನ್ನು ತಿನ್ನಲಾಗದು. ತೊಡೆಯ ನಡುವಿನ ಬಿಸಿ 24 ಗಂಟೆಯೊಳಗೆ 4 ಡಿಗ್ರಿಗೆ ಇಳಿಯಬೇಕು. ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್ ಒಂದು ಚೀಲದಲ್ಲಿರಲಿ.

ಹೊರೆಯ ಲೆಕ್ಕವನ್ನೂ ಮೊದಲೇ ಹಾಕಿ. ಮೂಳೆಸಹಿತ ಒಂದು ಹಿಂತೊಡೆಯೇ 25–30 ಕಿಲೋ. 3,000 ಮೀಟರ್ ಎತ್ತರದಲ್ಲಿ ಒಬ್ಬರೇ ಎಲ್ಲವನ್ನೂ ಇಳಿಸಲು ನಾಲ್ಕೈದು ಸಲ ಓಡಾಡಬೇಕು. ವಾಹನದಿಂದ ಐದು ಕಿಲೋಮೀಟರ್ ಒಳಗಿದ್ದು ಜೊತೆಗೆ ಯಾರೂ ಇಲ್ಲದಿದ್ದರೆ ಗುಂಡು ಹಾರಿಸದಿರುವುದೇ ಸರಿ, ಏಕೆಂದರೆ ತಿನ್ನುವ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದು ಅಲ್ಲಿ ಅಪರಾಧ.

ಕೊಲೊರಾಡೊದ ಎಲ್ಕ್‌ಗಳಲ್ಲಿ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ಮೆದುಳಿನ ರೋಗವಿದೆ. ಮೆದುಳು, ಬೆನ್ನುಹುರಿಗೆ ಚಾಕು ಹಾಕಬೇಡಿ, ತಲೆಯನ್ನು ಪರೀಕ್ಷೆಗೆ ಕೊಡಿ. ಫಲಿತಾಂಶ ಬರುವವರೆಗೆ ಆ ಪ್ರಾಣಿಯ ಪೊಟ್ಟಣಗಳಿಗೆ ಗುರುತು ಹಾಕಿ ಫ್ರೀಜರ್‌ನಲ್ಲಿ ಬೇರೆಯಾಗಿಡಿ. ರೋಗ ಕಂಡರೆ ಆ ಮಾಂಸ ತಿನ್ನಬಾರದು ಎಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸಲಹೆ.