ಗುಂಡು ಏರಲು ಎಂಟು ಮಿಲಿಸೆಕೆಂಡು

ಎಲೆಕ್ಟ್ರಿಕ್ ಏರ್‌ಸಾಫ್ಟ್ ಬಂದೂಕಿಗೆ (ಪ್ಲಾಸ್ಟಿಕ್ ಗುಂಡನ್ನು ಗಾಳಿಯಿಂದ ಹಾರಿಸುವ ಆಟದ ಬಂದೂಕು) ಹೊಸ ಮೋಟಾರು, ಹೊಸ ಗೇರು, ದೊಡ್ಡ ಬ್ಯಾಟರಿ ಹಾಕಿದ್ದಾಯಿತು. ಟ್ರಿಗರ್ ಒತ್ತಿದರೆ ಸದ್ದೇನೋ ಭರ್ಜರಿಯಾಗಿದೆ. ಆದರೆ ಹತ್ತು ಸದ್ದಿಗೆ ಆರೇ ಗುಂಡು, ಮಿಕ್ಕ ನಾಲ್ಕು ಬರೀ ಗಾಳಿ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಮ್ಯಾಗಜೀನಿಗೆ, ಅಂದರೆ ಗುಂಡು ತುಂಬುವ ಡಬ್ಬಿಗೆ, ಎಣ್ಣೆ ಸುರಿಯುವುದು. ಎರಡನೆಯದು ಮ್ಯಾಗಜೀನ್ ತಯಾರಿಸಿದವರನ್ನು ಬೈಯುವುದು. ಮೂರನೆಯದು ಇನ್ನೊಂದು ಮ್ಯಾಗಜೀನ್ ಕೊಳ್ಳುವುದು. ಈ ಮೂರರಲ್ಲಿ ಒಂದರಲ್ಲೂ ಯೋಚನೆ ಅನ್ನುವುದೇ ಇಲ್ಲ. ಅಪ್‌ಗ್ರೇಡ್ ಮಾಡುವ ಮೊದಲು ಅದೇ ಮ್ಯಾಗಜೀನ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು ಅಲ್ವಾ? ಹಾಗಾದರೆ ಬದಲಾಗಿದ್ದು ಏನು?

ಬದಲಾಗಿದ್ದು ಸಮಯ. ಬಂದೂಕು ಬೇಗ ತಿರುಗಲು ಕಲಿತಿದೆ, ಗುಂಡು ಬೇಗ ಏರಲು ಕಲಿತಿಲ್ಲ.

ಬಂದೂಕಿನೊಳಗೆ ಆಗುವುದು ಇಷ್ಟು. ಮೋಟಾರು ಗೇರುಗಳನ್ನು ತಿರುಗಿಸುತ್ತದೆ. ಕೊನೆಯ ಗೇರಿನ ಹೆಸರು ಸೆಕ್ಟರ್ ಗೇರ್. ಅದರ ಅಂಚಿನಲ್ಲಿ ಒಂದು ಭಾಗಕ್ಕೆ ಮಾತ್ರ ಹಲ್ಲುಗಳಿವೆ. ಆ ಹಲ್ಲುಗಳು ಪಿಸ್ಟನ್ನನ್ನು ಹಿಂದಕ್ಕೆ ಎಳೆದು ಸ್ಪ್ರಿಂಗನ್ನು ಒತ್ತುತ್ತವೆ. ಹಲ್ಲು ಮುಗಿದ ತಕ್ಷಣ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ತಳ್ಳುತ್ತದೆ, ಗುಂಡು ಹಾರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಅರ್ಧ. ಮಿಕ್ಕ ಅರ್ಧವನ್ನು ಕೇಳುವವರು ಕಡಿಮೆ. ಅದೇ ಸೆಕ್ಟರ್ ಗೇರಿನ ಮೇಲೆ ಒಂದು ಗೂಟವಿದೆ. ಪ್ರತಿ ಸುತ್ತಿನಲ್ಲೂ ಅದು ಟ್ಯಾಪೆಟ್ ಪ್ಲೇಟ್ ಎಂಬ ತೆಳು ಪ್ಲಾಸ್ಟಿಕ್ ತುಂಡನ್ನು ಹಿಂದಕ್ಕೆ ತಳ್ಳುತ್ತದೆ. ಟ್ಯಾಪೆಟ್ ಪ್ಲೇಟ್ ತನ್ನ ಜೊತೆ ನಾಝಲನ್ನೂ, ಅಂದರೆ ಗಾಳಿ ಹೊರಬರುವ ಪುಟ್ಟ ಕೊಳವೆಯನ್ನೂ, ಎಳೆದುಕೊಂಡು ಹೋಗುತ್ತದೆ. ನಾಝಲ್ ಹಿಂದೆ ಸರಿದಾಗ ಮ್ಯಾಗಜೀನಿನ ಮೇಲಿರುವ ತೂತು ತೆರೆದುಕೊಳ್ಳುತ್ತದೆ, ಒಂದು ಬಿಬಿ (ಪ್ಲಾಸ್ಟಿಕ್ ಗುಂಡು) ಒಳಗೆ ಏರುತ್ತದೆ. ಗೂಟ ದಾಟಿಹೋದ ಮೇಲೆ ಒಂದು ಚಿಕ್ಕ ಸ್ಪ್ರಿಂಗ್ ಟ್ಯಾಪೆಟ್ ಪ್ಲೇಟನ್ನು ಮುಂದಕ್ಕೆ ಎಳೆಯುತ್ತದೆ. ನಾಝಲ್ ಆ ಬಿಬಿಯನ್ನು ನಳಿಗೆಯ ಬುಡದಲ್ಲಿರುವ, ಗುಂಡನ್ನು ಹಿಮ್ಮುಖವಾಗಿ ತಿರುಗಿಸುವ ಹಾಪ್-ಅಪ್ ರಬ್ಬರಿನೊಳಗೆ ತಳ್ಳಿ, ಬಾಗಿಲು ಮುಚ್ಚುತ್ತದೆ. ಆಮೇಲೆ ಪಿಸ್ಟನ್ ಬಿಡುಗಡೆ.

ಗಮನಿಸಿ, ಮೋಟಾರಿಗೂ ಮ್ಯಾಗಜೀನಿಗೂ ನೇರ ಸಂಬಂಧವೇ ಇಲ್ಲ. ಬಿಬಿಯನ್ನು ಮೇಲಕ್ಕೆ ತಳ್ಳುವುದು ಮ್ಯಾಗಜೀನಿನೊಳಗಿನ ಸುರುಳಿ ಸ್ಪ್ರಿಂಗ್ ಮಾತ್ರ. ಬಾಗಿಲು ತೆರೆಯುವುದು ಗೇರಿನ ಕೆಲಸ, ಒಳಗೆ ಬರುವುದು ಬಿಬಿಯ ಕೆಲಸ. ಇಬ್ಬರು ಹಗ್ಗ ತಿರುಗಿಸುವಾಗ ಮೂರನೆಯವಳು ಒಳಗೆ ನುಗ್ಗಬೇಕಲ್ಲ, ಹಾಗೆ. ಹಗ್ಗ ಹಿಡಿದವರು ಜೋರಾಗಿ ತಿರುಗಿಸಿದ ಮಾತ್ರಕ್ಕೆ ನುಗ್ಗುವವಳ ಕಾಲಿಗೆ ಬಲ ಬರುವುದಿಲ್ಲ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಶಾಲೆಯಲ್ಲಿ ಕಲಿತದ್ದೇ. ಅಪ್‌ಗ್ರೇಡ್ ಇಲ್ಲದ ಬಂದೂಕು ಸೆಕೆಂಡಿಗೆ ಸುಮಾರು 15 ಗುಂಡು ಹೊಡೆಯುತ್ತದೆ ಎಂದುಕೊಳ್ಳೋಣ. ಒಂದು ಸುತ್ತಿಗೆ 67 ಮಿಲಿಸೆಕೆಂಡು. ಅದರಲ್ಲಿ ಕಾಲುಭಾಗ ಬಾಗಿಲು ತೆರೆದಿರುತ್ತದೆ ಎಂದಿಟ್ಟುಕೊಂಡರೆ ಬಿಬಿಗೆ ಸಿಗುವುದು 17 ಮಿಲಿಸೆಕೆಂಡು. ಅಷ್ಟರಲ್ಲಿ ಅದು ತನ್ನ ಅಗಲದಷ್ಟು, ಅಂದರೆ ಸುಮಾರು 6 ಮಿಲಿಮೀಟರ್, ಮೇಲೇರಬೇಕು. ನಿಂತಲ್ಲಿಂದ ಹೊರಟು ಅಷ್ಟು ದೂರ ಹೋಗಲು ಗುರುತ್ವಾಕರ್ಷಣೆಯ ನಾಲ್ಕೂವರೆ ಪಟ್ಟು ವೇಗೋತ್ಕರ್ಷ ಬೇಕು. ಇದೇನೂ ಕಷ್ಟವಲ್ಲ.

ವೇಗ ದುಪ್ಪಟ್ಟು ಮಾಡಿ. ಸೆಕೆಂಡಿಗೆ 30 ಗುಂಡು. ಬಾಗಿಲು ತೆರೆದಿರುವ ಸಮಯ ಎಂಟು ಮಿಲಿಸೆಕೆಂಡು ಚಿಲ್ಲರೆ. ಈಗ ಬೇಕಾಗುವ ವೇಗೋತ್ಕರ್ಷ ಒಂಬತ್ತು ಪಟ್ಟಲ್ಲ, ಹದಿನೆಂಟು ಪಟ್ಟು ಹತ್ತಿರ. ಯಾಕೆಂದರೆ ದೂರವು ಸಮಯದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಸಮಯ ಅರ್ಧವಾದರೆ ಬಲ ನಾಲ್ಕರಷ್ಟಾಗಬೇಕು. ಈ ಒಂದು ವರ್ಗವನ್ನು ಮರೆತದ್ದರಿಂದಲೇ ಇಷ್ಟೊಂದು ಜನ ಮ್ಯಾಗಜೀನ್ ಬದಲಾಯಿಸುತ್ತಾ ಕೂತಿದ್ದಾರೆ ಎಂಬುದು ನನ್ನ ವಾದ.

ಅಷ್ಟಕ್ಕೇ ಮುಗಿಯಲಿಲ್ಲ. ಮೇಲೇರಬೇಕಾದ್ದು ಒಂದೇ ಬಿಬಿ ಅಲ್ಲ, ಅದರ ಕೆಳಗೆ ಸಾಲುಗಟ್ಟಿದ ಅಷ್ಟೂ ಬಿಬಿಗಳು. 0.20 ಗ್ರಾಂ ತೂಕದ ನೂರು ಬಿಬಿ ಅಂದರೆ 20 ಗ್ರಾಂ. ಪ್ರತಿ ಗುಂಡಿಗೂ ಆ ಇಡೀ ಸಾಲು ಹೊರಡಬೇಕು, ನಿಲ್ಲಬೇಕು, ಮತ್ತೆ ಹೊರಡಬೇಕು. 15ರ ವೇಗದಲ್ಲಿ ಇದಕ್ಕೆ 90 ಗ್ರಾಂ ತೂಕದಷ್ಟು ಬಲ ಸಾಕು. 30ರ ವೇಗದಲ್ಲಿ 350 ಗ್ರಾಂ. ಜೊತೆಗೆ "ಭಾರದ ಬಿಬಿ ಒಳ್ಳೆಯದು" ಎಂದು 0.28 ಗ್ರಾಂನದು ತುಂಬಿದ್ದರೆ 500 ಗ್ರಾಂ ಮುಟ್ಟುತ್ತದೆ. ಇದರಲ್ಲಿ ಘರ್ಷಣೆಯನ್ನು ಸೇರಿಸಿಲ್ಲ. ಮ್ಯಾಗಜೀನಿನ ಓಣಿ ಬಿಬಿಗಿಂತ ಸ್ವಲ್ಪ ಅಗಲ ಇರುವುದರಿಂದ ಸಾಲು ನೇರವಾಗಿ ನಿಲ್ಲದೆ ಅಂಕುಡೊಂಕಾಗುತ್ತದೆ. ಒತ್ತಿದಷ್ಟೂ ಬಿಬಿಗಳು ಪಕ್ಕದ ಗೋಡೆಗೆ ಒರಗುತ್ತವೆ. ಅಂದರೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಘರ್ಷಣೆಯೂ ಏರುತ್ತದೆ, ಲಾಭ ಪೂರ್ತಿ ಸಿಗುವುದಿಲ್ಲ.

ವೇಗ ದುಪ್ಪಟ್ಟಾಗುವುದು ದೊಡ್ಡ ಸಾಹಸ ಅನ್ನಿಸಬಹುದು. ಆದರೆ ಗೊತ್ತಿಲ್ಲದೇ ಆಗಿಬಿಡುತ್ತದೆ. 7.4 ವೋಲ್ಟ್ ಲೈಪೋ ಬ್ಯಾಟರಿ ತೆಗೆದು 11.1 ವೋಲ್ಟ್ ಹಾಕಿದರೆ ಮೋಟಾರಿನ ವೇಗ ಹೆಚ್ಚುಕಡಿಮೆ ಒಂದೂವರೆ ಪಟ್ಟು. 18:1 ಗೇರು (ಮೋಟಾರು 18 ಸುತ್ತಿದರೆ ಸೆಕ್ಟರ್ ಗೇರ್ ಒಂದು ಸುತ್ತು) ತೆಗೆದು 13:1 ಹಾಕಿದರೆ ಇನ್ನೊಂದು 1.4 ಪಟ್ಟು. ಎರಡನ್ನೂ ಗುಣಿಸಿ. ದುಪ್ಪಟ್ಟು ದಾಟಿಹೋಯಿತು!

ಇಲ್ಲೊಂದು ಹಳೇ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ರಿಚರ್ಡ್ ಗ್ಯಾಟ್ಲಿಂಗ್ 1862ರಲ್ಲಿ ಹಲವು ನಳಿಗೆಗಳ ಬಂದೂಕಿಗೆ ಪೇಟೆಂಟ್ ಪಡೆದ. ಕೈಯಲ್ಲಿ ಹಿಡಿ ತಿರುಗಿಸಬೇಕಿತ್ತು. 1893ರಲ್ಲಿ ಅದಕ್ಕೇ ಎಲೆಕ್ಟ್ರಿಕ್ ಮೋಟಾರು ಸೇರಿಸಿ ಇನ್ನೊಂದು ಪೇಟೆಂಟ್. ನಿಮಿಷಕ್ಕೆ 3,000 ಗುಂಡು! ಆಮೇಲೆ ಸುಮಾರು ಐವತ್ತು ವರ್ಷ ಹೆಚ್ಚಿನವರು ಅದರ ಗೋಜಿಗೆ ಹೋಗಲಿಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನ್ಯಕ್ಕೆ ವಿಮಾನಗಳಿಗಾಗಿ ಅತಿವೇಗದ ಬಂದೂಕು ಬೇಕಾಯಿತು. ಅದೇ ತತ್ತ್ವದ ಮೇಲೆ ನಿಮಿಷಕ್ಕೆ 6,000 ಗುಂಡಿನ ಎಂ61 ವಲ್ಕನ್ ಬಂತು. ತಿರುಗಿಸುವುದು ಅವರಿಗೆ ಸಮಸ್ಯೆಯಾಗಲಿಲ್ಲ. ಕಾಟ ಕೊಟ್ಟಿದ್ದು ಗುಂಡು ಪೂರೈಸುವ ಪಟ್ಟಿ. ಗುಂಡುಗಳನ್ನು ಜೋಡಿಸುವ ಲೋಹದ ಕೊಂಡಿಗಳನ್ನು ಹೊರಹಾಕುವುದೇ ತಲೆನೋವಾಗಿ, ಕೊನೆಗೆ ಕೊಂಡಿಗಳೇ ಇಲ್ಲದ ಪೂರೈಕೆ ವ್ಯವಸ್ಥೆ ಮಾಡಿದರು. ಅದೇ ಎಂ61ಎ1. ಇನ್ನೂ ಮಜಾ ಅಂದರೆ, ಅದಕ್ಕೆ ಆರು ನಳಿಗೆ. ನಿಮಿಷಕ್ಕೆ 6,000 ಅಂದರೆ ಒಂದೊಂದು ನಳಿಗೆಗೆ ಸೆಕೆಂಡಿಗೆ ಹದಿನೇಳೇ. ಯುದ್ಧವಿಮಾನದ ಒಂದು ನಳಿಗೆಗೂ ಆಟದ ಬಂದೂಕಿನ ಒಂದು ನಳಿಗೆಗೂ ಹತ್ತಿರ ಹತ್ತಿರ ಒಂದೇ ಗತಿ! ಆಟದ ಎಲೆಕ್ಟ್ರಿಕ್ ಬಂದೂಕು ಬಂದದ್ದು 1991ರಲ್ಲಿ, ಜಪಾನಿನ ಟೋಕಿಯೊ ಮಾರುಯಿ ಕಂಪನಿಯ ಫಾಮಾಸ್ ರೈಫಲ್ ಮಾದರಿಯಿಂದ. ನಾವು ಒಂದೇ ನಳಿಗೆಯಲ್ಲಿ 30 ಬೇಕು ಅಂತ ಹಟ ಹಿಡಿದಿದ್ದೇವೆ.

ಇರಲಿ, ಬಂದೂಕಿಗೆ ವಾಪಸ್ ಬರೋಣ. ಸಮಯದ ಸಮಸ್ಯೆಯೋ ಅಳತೆಯ ಸಮಸ್ಯೆಯೋ ಎಂದು ಮೊದಲು ಬೇರ್ಪಡಿಸಬೇಕು. ಅದಕ್ಕೆ ಬಿಚ್ಚುವ ಅಗತ್ಯವೇ ಇಲ್ಲ. ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡು, ಗುಂಡು ತಡೆಯುವ ಯಾವುದಾದರೂ ಪೆಟ್ಟಿಗೆಯೊಳಗೆ ಹೊಡೆದು ನೋಡಿ. ಒಂದೊಂದೇ ಗುಂಡು ಹೊಡೆದಾಗ ಸರಿ ಇದೆ, ಆಟೋಗೆ (ಒಂದೇ ಸಮನೆ ಹೊಡೆಯುವ ಕ್ರಮಕ್ಕೆ) ಹಾಕಿದರೆ ತಪ್ಪುತ್ತದೆ ಅಂದರೆ ಬಹುಮಟ್ಟಿಗೆ ಸಮಯದ್ದೇ ಸಮಸ್ಯೆ. ಒಂದೊಂದೇ ಹೊಡೆಯುವಾಗ ಮೋಟಾರು ಸೊನ್ನೆಯಿಂದ ವೇಗ ಹಿಡಿಯುತ್ತಿರುತ್ತದೆ. ಹಾಗಾಗಿ ಬಾಗಿಲು ಸ್ವಲ್ಪ ಜಾಸ್ತಿ ಹೊತ್ತು ತೆರೆದಿರುತ್ತದೆ. ಅನುಮಾನ ಉಳಿದರೆ ಹಳೇ 7.4 ವೋಲ್ಟ್ ಬ್ಯಾಟರಿ ಹಾಕಿ ನೋಡಿ. ಬೇರೇನೂ ಮುಟ್ಟಬೇಡಿ. ಎಲ್ಲ ಗುಂಡೂ ಬಂದರೆ ಬಾಕಿ ಪರೀಕ್ಷೆ ಯಾವುದೂ ಬೇಡ. ಇಷ್ಟು ಅಗ್ಗದ, ಇಷ್ಟು ಖಚಿತವಾದ ಪರೀಕ್ಷೆಯನ್ನು ಬಿಟ್ಟು ಜನ ಗೇರ್‌ಬಾಕ್ಸ್ ಬಿಚ್ಚಲು ಕೂರುತ್ತಾರೆ. ಆಮೇಲೆ ಚಿಕ್ಕ ಸ್ಪ್ರಿಂಗ್ ಎಲ್ಲಿ ಹಾರಿತು ಅಂತ ನೆಲದ ಮೇಲೆ ಹುಡುಕುತ್ತಾರೆ.

ಮ್ಯಾಗಜೀನ್ ಎಲ್ಲಿ ತಪ್ಪುತ್ತದೆ ಎಂಬುದೂ ಸುಳಿವು ಕೊಡುತ್ತದೆ. ತುಂಬಿದ್ದಾಗ ತಪ್ಪಿ, ಅರ್ಧ ಖಾಲಿಯಾದ ಮೇಲೆ ಸರಿಹೋದರೆ ಸಾಲಿನ ತೂಕ ಮತ್ತು ಘರ್ಷಣೆ ಕಾರಣ. ಕೊನೆಕೊನೆಗೆ ತಪ್ಪಿದರೆ ಸ್ಪ್ರಿಂಗ್ ಸೋತಿದೆ ಅಥವಾ ಅದರ ತುದಿಯ ತುಂಡು ಎಲ್ಲೋ ಸಿಕ್ಕಿಕೊಳ್ಳುತ್ತಿದೆ. ಚಕ್ರ ತಿರುಗಿಸಿ ಕೀ ಕೊಡುವ, ಹೆಚ್ಚು ಗುಂಡು ಹಿಡಿಸುವ ಹೈ-ಕ್ಯಾಪ್ ಮ್ಯಾಗಜೀನಿನಲ್ಲಿ ಕೀ ಮುಗಿದಿರಬಹುದು, ಅಷ್ಟೇ.

ಯಾವ ವೇಗದಲ್ಲೂ ಸರಿಯಾಗಿ ಬರುತ್ತಿಲ್ಲವಾದರೆ ಅಳತೆ ನೋಡಬೇಕು. ಹೊಡೆಯುವಾಗ ಮ್ಯಾಗಜೀನನ್ನು ಕೈಯಿಂದ ಮೇಲಕ್ಕೆ ಒತ್ತಿ ಹಿಡಿಯಿರಿ. ಸರಿಹೋದರೆ ಮ್ಯಾಗಜೀನ್ ಕೆಳಗೆ ಕೂರುತ್ತಿದೆ, ಹಾಪ್-ಅಪ್ ಚೇಂಬರಿನ (ಆ ರಬ್ಬರು ಕೂರುವ ಗೂಡು) ಬಾಯಿಗೂ ಅದಕ್ಕೂ ಸಂದು ಬಿದ್ದಿದೆ. ಹೊಸ ಚೇಂಬರ್ ಹಾಕಿದ್ದರೆ ಅದು ಒಂದಿಷ್ಟು ಓರೆಯಾಗಿ ಕೂತಿರಲೂಬಹುದು. ಆಮೇಲೆ ನಾಝಲ್. ಎಂ4 ರೈಫಲ್ ಮಾದರಿಯದು ಸುಮಾರು 21 ಮಿಲಿಮೀಟರ್ ಉದ್ದ, ಎಕೆ ಮಾದರಿಯದು ಅದಕ್ಕಿಂತ ಗಿಡ್ಡ. ಅರ್ಧ ಮಿಲಿಮೀಟರ್ ವ್ಯತ್ಯಾಸಕ್ಕೂ ಬೆಲೆ ತೆರಬೇಕಾಗುತ್ತದೆ. ಉದ್ದವಾದರೆ ಹಿಂದೆ ಸರಿದಾಗಲೂ ಅದರ ತುದಿ ತೂತಿನ ಅಂಚಿನಲ್ಲಿ ಇಣುಕುತ್ತದೆ. ಅಷ್ಟು ಸಾಕು, ಬಿಬಿ ತಡೆದು ನಿಲ್ಲುತ್ತದೆ. ಗಿಡ್ಡವಾದರೆ ಬಿಬಿ ಬರುತ್ತದೆ, ಗಾಳಿ ಸೋರುತ್ತದೆ.

ಬ್ಯಾಟರಿ, ಮ್ಯಾಗಜೀನ್ ಎರಡನ್ನೂ ತೆಗೆದು, ಮೇಲ್ಭಾಗ ಕಳಚಿ, ಬೆರಳಿನಿಂದ ನಾಝಲನ್ನು ಹಿಂದಕ್ಕೆ ಒತ್ತಿ ಬಿಡಿ. ಚಟ್ ಅಂತ ಮುಂದೆ ಬರಬೇಕು. ಸೋಮಾರಿಯಂತೆ ಜಾರಿ ಬಂದರೆ ಟ್ಯಾಪೆಟ್ ಪ್ಲೇಟ್ ಗೇರ್‌ಬಾಕ್ಸಿನ ಗೋಡೆಗೆ ಉಜ್ಜುತ್ತಿದೆ ಅಥವಾ ಅದರ ಸ್ಪ್ರಿಂಗ್ ಸಡಿಲವಾಗಿದೆ. ಗೇರ್‌ಬಾಕ್ಸ್ ತೆರೆಯಲೇಬೇಕಾಗಿ ಬಂದರೆ ಟ್ಯಾಪೆಟ್ ಪ್ಲೇಟಿನ ರೆಕ್ಕೆಯನ್ನು ದೀಪದ ಬೆಳಕಿಗೆ ಹಿಡಿದು ನೋಡಿ. ಗೂಟ ಬಡಿಯುವ ಜಾಗ ಸವೆದು, ಸುತ್ತಲಿನ ಗ್ರೀಸಿನಲ್ಲಿ ಪ್ಲಾಸ್ಟಿಕ್ ಪುಡಿ ಅಂಟಿರುತ್ತದೆ. ರೆಕ್ಕೆಯ ಬುಡದಲ್ಲಿ ಕೂದಲೆಳೆಯ ಬಿರುಕೂ ಇರಬಹುದು. ಸವೆದಷ್ಟೂ ನಾಝಲ್ ಹಿಂದೆ ಹೋಗುವ ದೂರ ಕಡಿಮೆ.

ಸಮಯದ ಸಮಸ್ಯೆ ಎಂದು ಖಚಿತವಾದರೆ ಮದ್ದು ಡಿಲೇಯರ್ ಚಿಪ್. ಹೆಸರು ಕೇಳಿ ಎಲೆಕ್ಟ್ರಾನಿಕ್ ಸಾಮಾನು ಅಂದುಕೊಳ್ಳಬೇಡಿ. ಸೆಕ್ಟರ್ ಗೇರಿನ ಗೂಟಕ್ಕೆ ಸಿಕ್ಕಿಸುವ ಒಂದು ಪುಟ್ಟ ಬಿಲ್ಲೆ ಅದು. ಗೂಟವನ್ನು ಅಗಲ ಮಾಡುತ್ತದೆ. ಗೂಟ ಅಗಲವಾದರೆ ಟ್ಯಾಪೆಟ್ ಪ್ಲೇಟನ್ನು ಹೆಚ್ಚು ಕೋನದವರೆಗೆ ಹಿಡಿದಿಡುತ್ತದೆ, ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ. ಇಲ್ಲೂ ಅದೇ ವರ್ಗದ ಲೆಕ್ಕ ನಮ್ಮ ಕಡೆ ವಾಲುತ್ತದೆ. ಸಮಯ ಕಾಲುಭಾಗ ಹೆಚ್ಚಿದರೂ ಬೇಕಾದ ಬಲ ಮೂರನೇ ಒಂದಕ್ಕಿಂತ ಜಾಸ್ತಿ ಇಳಿಯುತ್ತದೆ.

ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ. ಬಾಗಿಲು ತಡವಾಗಿ ಮುಚ್ಚಿದರೆ, ಪಿಸ್ಟನ್ ಅದಕ್ಕೂ ಮುಂಚೆ ಬಿಡುಗಡೆಯಾಗುವ ಅಪಾಯವಿದೆ. ಆಗ ಗಾಳಿ ಎಲ್ಲೆಲ್ಲೋ ಸೋರಿ ಗುಂಡು ಪುಸಕ್ ಅನ್ನುತ್ತದೆ. ವೇಗಕ್ಕಾಗಿ ಸೆಕ್ಟರ್ ಗೇರಿನ ಕೊನೆಯ ಹಲ್ಲುಗಳನ್ನು ಕತ್ತರಿಸಿದವರಿಗೆ ಇದು ಇನ್ನೂ ಬಿಗಿ. ಹಲ್ಲು ಕಡಿಮೆಯಾದಷ್ಟೂ ಪಿಸ್ಟನ್ ಬೇಗ ಬಿಡುಗಡೆಯಾಗುತ್ತದೆ, ಚಿಪ್ ಹಾಕಿದಷ್ಟೂ ನಾಝಲ್ ತಡವಾಗಿ ಬರುತ್ತದೆ. ಎರಡನ್ನೂ ಒಟ್ಟಿಗೆ ಮಾಡಿ ಗುಂಡಿನ ಹೊಡೆತ ಒಂದೇ ಸಮ ಇಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಟ್ಯಾಪೆಟ್ ಪ್ಲೇಟಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ನಾಝಲ್ ಬೇಗ ಮುಂದೆ ಬರುತ್ತದೆ, ಸ್ವಲ್ಪ ಸಂಭಾಳಿಸಬಹುದು. ಆದರೆ ಆ ರೆಕ್ಕೆಯ ಆಯುಷ್ಯ ಕಡಿಮೆಯಾಗುತ್ತದೆ.

ಒಂದು ಮೂಢನಂಬಿಕೆಯ ಬಗ್ಗೆ ಹೇಳಲೇಬೇಕು. ಪಿಸ್ಟನ್ನಿನ ದೊಡ್ಡ ಸ್ಪ್ರಿಂಗ್ ಬದಲಾಯಿಸಿದರೆ ಫೀಡಿಂಗ್, ಅಂದರೆ ಗುಂಡು ಒಳಗೆ ಏರುವುದು, ಸರಿಹೋಗುತ್ತದೆ ಎಂದು ಬಲವಾಗಿ ನಂಬುವವರಿದ್ದಾರೆ. ಹಾಗೆ ಮಾಡಿ ಸರಿಹೋಗಿದ್ದೂ ನಿಜವೇ ಇರಬಹುದು! ಗಟ್ಟಿ ಸ್ಪ್ರಿಂಗ್ ಮೋಟಾರಿಗೆ ಭಾರ. ಗೇರು ನಿಧಾನವಾಗುತ್ತದೆ. ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ. ಬಿಬಿ ಏರುತ್ತದೆ. ಸ್ಪ್ರಿಂಗ್ ಫೀಡಿಂಗ್ ಸರಿಮಾಡಲಿಲ್ಲ, ಅಪ್‌ಗ್ರೇಡನ್ನೇ ಅರ್ಧ ವಾಪಸ್ ಪಡೆಯಿತು. ಎಣ್ಣೆಯ ಕಥೆ ಇದಕ್ಕಿಂತ ಕೆಟ್ಟದ್ದು. ಸಿಲಿಕೋನ್ ಎಣ್ಣೆ ಒಂದು ತೊಟ್ಟು ಒರೆಸಿ ಹಚ್ಚಿದರೆ ಘರ್ಷಣೆ ತುಸು ಇಳಿಯುತ್ತದೆ, ಸರಿ. ಸುಮ್ನೆ ಸುರಿದರೆ ಅದು ಬಿಬಿಗೆ ಅಂಟಿ ಹಾಪ್-ಅಪ್ ರಬ್ಬರಿನವರೆಗೆ ಹೋಗುತ್ತದೆ. ಗುಂಡನ್ನು ಹಿಮ್ಮುಖವಾಗಿ ತಿರುಗಿಸಬೇಕಾದ ರಬ್ಬರು ಜಾರತೊಡಗುತ್ತದೆ, ಗುಂಡು ಮನಸ್ಸಿಗೆ ಬಂದ ಕಡೆ ಹೋಗುತ್ತದೆ. ಪೆಟ್ರೋಲಿಯಂ ಎಣ್ಣೆಯಾದರೆ ರಬ್ಬರೇ ಊದಿಕೊಂಡು ಹಾಳಾಗಬಹುದು. ಆ ರಬ್ಬರಿನ ತುಟಿ ಸಡಿಲವಾದರೆ ಬಿಬಿ ಅಲ್ಲಿ ನಿಲ್ಲದೆ ನಳಿಗೆಯೊಳಕ್ಕೆ ಉರುಳುತ್ತದೆ, ಹಿಂದೆಯೇ ಇನ್ನೊಂದು ಬರುತ್ತದೆ. ಒಂದು ಹೊಡೆತಕ್ಕೆ ಎರಡು ಗುಂಡು ಬೀಳುವುದು ಹೆಚ್ಚಾಗಿ ಹೀಗೆ.

ಬಿಬಿಯನ್ನೂ ನೋಡಿ. ಒಳ್ಳೆಯದು 5.95 ಮಿಲಿಮೀಟರ್ ಇರುತ್ತದೆ. ಬಿಗಿ ನಳಿಗೆಯ ಒಳ ಅಗಲ 6.01 ಅಥವಾ 6.03. ಸುತ್ತ ಉಳಿಯುವ ಜಾಗ ಕೂದಲೆಳೆಗಿಂತಲೂ ಕಡಿಮೆ. ನೆಲಕ್ಕೆ ಬಿದ್ದ ಬಿಬಿಯನ್ನು ಒರೆಸಿ ಮತ್ತೆ ತುಂಬುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಎಲ್ಲ ಸರಿಮಾಡಿದ ಮೇಲೂ ಮ್ಯಾಗಜೀನ್ ಖಾಲಿಯಾದಾಗ ಎರಡು ಮೂರು ಬಿಬಿ ಉಳಿದು, ಮ್ಯಾಗಜೀನ್ ಕಳಚಿದಾಗ ಕೆಳಗೆ ಉದುರುತ್ತವೆ. ಅದು ದೋಷವಲ್ಲ. ಮ್ಯಾಗಜೀನಿನ ಬಾಯಿಯಿಂದ ಚೇಂಬರಿನವರೆಗೆ ಒಂದು ಗಿಡ್ಡ ಕೊಳವೆ ಇದೆ. ತುದಿಯ ತುಂಡು ಅಲ್ಲಿಗೆ ಬರುವುದಿಲ್ಲ, ಹಾಗಾಗಿ ಅಲ್ಲಿರುವ ಬಿಬಿಗಳನ್ನು ತಳ್ಳುವವರಿಲ್ಲ. ಆದರೆ ಎಲ್ಲ ಉದುರಿದವು ಎಂದು ನಂಬಬೇಡಿ. ರಬ್ಬರಿನ ತುಟಿಯಲ್ಲಿ ಒಂದು ಸಿಕ್ಕಿರಬಹುದು. ಮ್ಯಾಗಜೀನ್ ತೆಗೆದ ಮೇಲೆ ಪೆಟ್ಟಿಗೆಯೊಳಕ್ಕೆ ಎರಡು ಸಲ ಟ್ರಿಗರ್ ಒತ್ತಿ, ಆಮೇಲೆ ಬ್ಯಾಟರಿ ಕಳಚಿ.