ಕುಂದಾ ತಿನ್ನುತ್ತಿದ್ದ ಅಳಿಲು ಮಂಗ

ಕಳೆದ ಜುಲೈನಲ್ಲಿ ಬೆಳಗಾವಿಗೆ ಜಿಟಿಜಿಟಿ ಮಳೆ ಹಿಡಿದಿದ್ದಾಗ ಒಬ್ಬರು ನನ್ನ ಕ್ಲಿನಿಕ್ಕಿಗೆ ರಟ್ಟಿನ ಡಬ್ಬಿ ತಂದರು. ಬೆಕ್ಕಿನ ಮರಿ ಇರಬೇಕು ಅಂದುಕೊಂಡೆ. ತೆಗೆದರೆ ಕಪ್ಪು ಮೂತಿ, ಕಣ್ಣ ಸುತ್ತ ಬಿಳಿ, ಹಳದಿ ಕೈ. ದಕ್ಷಿಣ ಅಮೆರಿಕದ ಅಳಿಲು ಮಂಗ!

"ಸರ್ರ, ಇದು ಅಂಗೈಯಾಗ ಉಚ್ಚಿ ಹೊಯ್ಕೊಂಡು ಕಾಲಿಗೆ ತಿಕ್ಕೋತೈತಿ. ಮನಿ ತುಂಬ ವಾಸನಿ. ಮತ್ತ ವಾರಾತು, ಜಿಗಿಯೂದ ಬಿಟ್ಟೈತಿ."

ಮೊದಲನೆಯದು ರೋಗವೇ ಅಲ್ಲ. ಈ ಜಾತಿಯ ರೂಢಿ ಅದು. ವಾಸನೆಯಿಂದಲೇ ಗುಂಪಿನ ಉಳಿದವಕ್ಕೆ ಸುದ್ದಿ ಮುಟ್ಟುತ್ತದೆ ಅನ್ನುತ್ತಾರೆ. ನನಗೆ ಚಿಂತೆಯಾಗಿದ್ದು ಎರಡನೆಯದು.

ಏನು ತಿನ್ನಿಸ್ತೀರಿ ಅಂದೆ. ಬಾಳೆಹಣ್ಣು, ಹಾಲು-ಅನ್ನ, ಪ್ರೀತಿ ಉಕ್ಕಿದಾಗ ಒಂದು ಚಮಚ ಕುಂದಾ. ಕಾಡಿನಲ್ಲಿ ಇದು ಹಣ್ಣಿನ ಜೊತೆಗೆ ಮಿಡತೆ, ಕಂಬಳಿಹುಳ, ಜೇಡ ಹುಡುಕುತ್ತಾ ದಿನ ಕಳೆಯುವ ಪ್ರಾಣಿ. ಎಕ್ಸ್‌ರೇ ತೆಗೆದೆ. ಎಲುಬುಗಳು ಮಬ್ಬು ಮಬ್ಬು. ಆ ಕಡೆಯ ಮಂಗಗಳಿಗೆ ವಿಟಮಿನ್ ಡಿ3 ನಮ್ಮ ಮಂಗಗಳಿಗಿಂತ ಜಾಸ್ತಿ ಬೇಕು. ಕಾಡಿನಲ್ಲಿ ಬಿಸಿಲೇ ಅದನ್ನು ಕೊಡುತ್ತದೆ. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುತ್ತದೆ. ನಮ್ಮೂರ ಮಳೆಗಾಲದಲ್ಲಂತೂ ಗಾಜಿನಾಚೆಗೂ ಬಿಸಿಲಿಲ್ಲ, ಅಲ್ವಾ?

ಎಲುಬಿಗೆ ಔಷಧಿ ಬರೆದೆ. ಒಂಟಿತನಕ್ಕೆ ಏನು ಬರೆಯಲಿ? ಇವು 20, 50, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ಗುಂಪಿನಲ್ಲಿ ಬಾಳುವವು. ಹೆಣ್ಣು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ತಾಯಿ ಹುಳ ಹಿಡಿಯಲು ಹೋದರೆ ಮರಿಯನ್ನು ಬೆನ್ನ ಮೇಲೆ ಹೊರಲು ಚಿಗವ್ವ, ದೊಡ್ಡವ್ವ ಇರುತ್ತಾರೆ. ಬೆದೆಯ ಕಾಲಕ್ಕೆ ಗಂಡುಗಳ ಹೆಗಲು, ತೋಳು ನಮ್ಮ ಗರಡಿ ಪೈಲ್ವಾನರ ಹಾಗೆ ಉಬ್ಬುತ್ತವೆ. ಹಾಗಂತ ಎಲ್ಲ ಕಡೆ ಗಂಡಿನದೇ ದರ್ಬಾರು ಅಲ್ಲ. ಬೊಲಿವಿಯಾದ ಜಾತಿಯಲ್ಲಿ ಹೆಣ್ಣುಗಳ ಮಾತೇ ನಡೆಯುತ್ತದೆ. ಕೋಸ್ಟರಿಕಾದ ಜಾತಿಯಲ್ಲಿ ಜಗಳವೇ ಅಪರೂಪ.

1959ರ ಮೇ 28ರಂದು ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಜೀವಂತ ಮರಳಿದ ಮಿಸ್ ಬೇಕರ್ ಇದೇ ಅಳಿಲು ಮಂಗ. 1984ರವರೆಗೆ ಬದುಕಿದ್ದಳು. ಅವಳಿಗೂ ಒಂದು ಗಂಡು ತಂದಿಟ್ಟಿದ್ದರು.

ಇದನ್ನು ಹೇಳಿದ್ದೇ ತಪ್ಪಾಯ್ತು. "ಹಂಗಾದ್ರ ಇನ್ನೊಂದ ತರ್ಲೇನ್ರಿ?"

ಇದರ ಕಾಗದಪತ್ರ ಎಲ್ಲಿ ಅಂದೆ. ಗೋಡೆ ನೋಡಿದರು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಇಂಥ ವಿದೇಶಿ ಪ್ರಾಣಿ ಸಾಕಿದವರು ನೋಂದಣಿ ಮಾಡಿಸಲೇಬೇಕು. ನಾಳೆಯೇ ಅರಣ್ಯ ಇಲಾಖೆಗೆ ಹೋಗಿ, ಇಲ್ಲದಿದ್ದರೆ ನಾನೇ ತಿಳಿಸಬೇಕಾಗುತ್ತದೆ ಅಂದೆ. ಮುಖ ಸಣ್ಣಗಾಯಿತು.

ನಾವು ಮಾತಾಡುತ್ತಿರುವಾಗ ಅದು ಮೇಜಿನ ಮೇಲೆ ಮುದುಡಿ ಕೂತಿತ್ತು. ಕಾಡಿನಲ್ಲಾದರೆ ಕೊಂಬೆಯ ಮೇಲೆ ಒಂದಕ್ಕೊಂದು ಒತ್ತಿಕೊಂಡು, ಉದ್ದನೆಯ ಬಾಲ ಹೆಗಲಿಗೆ ಹಾಕಿಕೊಂಡು ಮಲಗುತ್ತವೆ. ಇದೂ ಬಾಲ ಹೆಗಲಿಗೆ ಹಾಕಿಕೊಂಡಿತು. ಒತ್ತಿಕೊಳ್ಳಲು ಸಿಕ್ಕಿದ್ದು ನನ್ನ ಸ್ಯಾನಿಟೈಸರ್ ಬಾಟಲಿ.